ಆ ‘ಸದ್ಯ’ದ ಬಗ್ಗೆ ಒಂದು ತಕರಾರು

ಅಡ್ಯಾರಿನ ಗಾಂಧಿನಗರದಲ್ಲಿ ಕನ್ನಡದವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಹಜಾರದ ಗೋಡೆಯ ಮೇಲೆ ಹೊಸದಾಗಿ ಕಟ್ಟು ಹಾಕಿಸಿದ ದೊಡ್ಡದೊಂದು ಚಿತ್ರ. ಮೂವರು ಹೆಂಗಸರು, ಮೈತುಂಬ ಒಡವೆ. ಬಲಗಡೆ ನಿಂತವಳ ಕೈ ಸೆರಗನ್ನು ಸರಿಸುತ್ತಿದೆ. ಕೆಳಗೆ ಒಂದು ಸಾಲು: ‘ಮೈಸೂರಿನ ಮಹಾರಾಣಿಯರು, ಜಗತ್ತಿನ ಮೊದಲ ಲಸಿಕೆ ರಾಯಭಾರಿಗಳು, 1805’. ನಾನು ನೋಡುತ್ತ ನಿಂತದ್ದನ್ನು ಕಂಡು ಮನೆಯ ಹಿರಿಯರು ಹತ್ತಿರ ಬಂದರು. ಎಪ್ಪತ್ತು ದಾಟಿದ ಹೆಂಗಸು, ಹುಟ್ಟೂರು ಮೈಸೂರು. “ಮೊದಲು ಇವರನ್ನ ಕುಣಿಯೋ ಹೆಂಗಸರು ಅಂತ ತಿಳ್ಕೊಂಡಿದ್ರಂತಪ್ಪ. ಆಮೇಲೆ ಯಾರೋ ಇಂಗ್ಲೆಂಡಿನವರು ರಾಣಿಯರು ಅಂತ ಕಂಡುಹಿಡಿದ್ರಂತೆ. ಸದ್ಯ!” ಅಂದರು.

ಊಟ ಚೆನ್ನಾಗಿತ್ತು. ಆದರೆ ಆ ‘ಸದ್ಯ’ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಅದು ಆ ಒಬ್ಬ ಅಮ್ಮನ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಕೋವಿಡ್ ಕಾಲದಿಂದ ಈ ಚಿತ್ರ ಕನ್ನಡದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತುತ್ತಿದೆ. ಭಾಷಣಗಳಲ್ಲಿ ಬರುತ್ತದೆ, ಪ್ರಬಂಧಗಳಲ್ಲಿ ಬರುತ್ತದೆ. ಎಲ್ಲೆಲ್ಲೂ ಅದೇ ಎರಡು ಸಂಗತಿ: ಒಂದು, ಅನುಮಾನವೇ ಇಲ್ಲದ ಖಚಿತತೆ. ಎರಡು, ‘ಅಂಥವರಲ್ಲವಂತೆ’ ಎಂಬ ನಿಟ್ಟುಸಿರು. ನನ್ನ ತಕರಾರು ಈ ಎರಡರ ಮೇಲೂ ಇದೆ. ಎರಡನೆಯದರ ಮೇಲೆ ಹೆಚ್ಚು ಇದೆ.

ಮೊದಲು ಚಿತ್ರದ ಸಮಾಚಾರ. ಬರೆದವನು ಥಾಮಸ್ ಹಿಕಿ. 1741ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವನು. ದೊಡ್ಡ ಮನುಷ್ಯರ ಭಾವಚಿತ್ರ ಬರೆದು ಬದುಕಿದವನು. ಎರಡನೆಯ ಸಲ ಇಂಡಿಯಾಕ್ಕೆ ಬಂದದ್ದು 1798ರಲ್ಲಿ, ಮದರಾಸಿಗೆ. ಮರುವರ್ಷ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಗೆದ್ದ ಅಧಿಕಾರಿಗಳಿಗೆಲ್ಲ ತಮ್ಮ ಮುಖ ಕಾಗದದ ಮೇಲೆ ಉಳಿಯಬೇಕೆನ್ನಿಸಿತು. ಅಡ್ಯಾರ್ ನದಿಯ ದಂಡೆಯಲ್ಲಿ ಕಂಪನಿಯ ಸಾಹೇಬರು ತೋಟದ ಮನೆಗಳನ್ನು ಕಟ್ಟಿಸುತ್ತಿದ್ದ ಕಾಲ ಅದು. ಈಗ ಸರ್ಕಾರಿ ಸಂಗೀತ ಕಾಲೇಜು ಇರುವ ಬ್ರೋಡಿ ಕ್ಯಾಸಲ್ ಆಗಿನದೇ. ಅಂಥ ಮನೆಗಳ ಗೋಡೆಗೆ ಚಿತ್ರ ಬೇಕಿತ್ತು, ಹಿಕಿಗೆ ಕೆಲಸ ಬೇಕಿತ್ತು. 1824ರಲ್ಲಿ ಅವನು ಸತ್ತದ್ದೂ ಮದರಾಸಿನಲ್ಲೇ.

ಮೂವರು ಹೆಂಗಸರ ಈ ಚಿತ್ರ 1805ರ ಹೊತ್ತಿನದು. ಅದರ ಮೇಲೆ ಯಾರ ಹೆಸರೂ ಉಳಿದಿರಲಿಲ್ಲ. ಬಹುಕಾಲ ಅದು ನರ್ತಕಿಯರ, ಗಣಿಕೆಯರ ಚಿತ್ರವೆಂದೇ ತಿಳಿಯಲ್ಪಟ್ಟಿತ್ತು. 2001ರಲ್ಲಿ ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸಲರ್ ಒಂದು ವಿದ್ವತ್ ಲೇಖನ ಬರೆದು ಬೇರೆ ಓದನ್ನು ಮುಂದಿಟ್ಟರು. ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಹೊಸ ರಾಣಿ ದೇವಾಜಮ್ಮಣ್ಣಿ. ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳಿನ ಜಾಗ. ಎಡಗಡೆಯವಳು ಅದೇ ಹೆಸರಿನ ಮೊದಲ ರಾಣಿ. ಮೂಗು ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿರುವುದು ಹಳೆಯ ಕ್ರಮದಲ್ಲಿ ಸಿಡುಬಿನ ಪುಡಿ ಊದಿಸಿಕೊಂಡದ್ದರ ಗುರುತು. ನಡುವಿನವರು ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ. 1806ರ ಜುಲೈ ತಿಂಗಳ ದಾಖಲೆಯೊಂದರಲ್ಲಿ ಹೊಸ ರಾಣಿ ಲಸಿಕೆ ಹಾಕಿಸಿಕೊಂಡದ್ದರಿಂದ ಜನರೂ ಮುಂದೆ ಬಂದರೆಂಬ ಉಲ್ಲೇಖವಿದೆ. ಒಡವೆಗಳೂ ಅರಮನೆಯವೇ ಎನ್ನುವಂತಿವೆ. 2007ರಲ್ಲಿ ಸದಬೀಸ್ ಸಂಸ್ಥೆ ಚಿತ್ರವನ್ನು ಹರಾಜಿಗಿಟ್ಟಿತು. 2020ರ ಸೆಪ್ಟೆಂಬರಿನಲ್ಲಿ ಬಿಬಿಸಿ ಇದರ ಬಗ್ಗೆ ಬರೆಯಿತು. ಅಲ್ಲಿಂದಾಚೆಗೆ ಚಿತ್ರ ನಮ್ಮೆಲ್ಲರ ಫೋನಿಗೆ ಬಂತು.

ಚಾನ್ಸಲರ್ ಅವರದು ಒಳ್ಳೆಯ ವಾದ. ನನಗೆ ಅದನ್ನು ತಳ್ಳಿಹಾಕುವ ಹಂಬಲವಿಲ್ಲ. ಆದರೆ ಅದು ವಾದ. ದಾಖಲೆ ಹೇಳುವುದು ಒಬ್ಬ ರಾಣಿ ಲಸಿಕೆ ಹಾಕಿಸಿಕೊಂಡಳು ಎಂದು. ಚಿತ್ರ ಹೇಳುವುದು ಒಬ್ಬ ಹೆಂಗಸು ಸೆರಗು ಸರಿಸಿದ್ದಾಳೆ ಎಂದು. ಇವೆರಡರ ನಡುವಿನ ಸೇತುವೆಯನ್ನು ಕಟ್ಟಿದ್ದು ವಿದ್ವಾಂಸರ ತರ್ಕ. ಆ ಸೇತುವೆ ಗಟ್ಟಿಯಾಗಿರಬಹುದು. ಆದರೂ ಅದರ ಮೇಲೆ ನಡೆಯುವವನಿಗೆ ತಾನು ಸೇತುವೆಯ ಮೇಲಿದ್ದೇನೆ ಎಂಬ ಎಚ್ಚರ ಬೇಕು.

ಒಂದು ಉದಾಹರಣೆ. ಸಿಡುಬಿನ ಪುಡಿಯನ್ನು ಮೂಗಿಗೆ ಊದುವ ಕ್ರಮ ಚೆನ್ನಾಗಿ ದಾಖಲಾಗಿರುವುದು ಚೀನಾದಲ್ಲಿ. ಇಂಡಿಯಾದ ಕ್ರಮವೆಂದು ಜಾನ್ ಹಾಲ್‌ವೆಲ್ 1767ರಲ್ಲಿ ವಿವರಿಸಿದ್ದು ಬಂಗಾಳದಲ್ಲಿ ತೋಳಿನ ಚರ್ಮ ಗೀರಿ ಹಚ್ಚುವುದನ್ನು. ಮೈಸೂರಿನ ಅಂತಃಪುರದಲ್ಲಿ ಯಾವ ಕ್ರಮವಿತ್ತು? ಒಂದು ಮುಖದ ಮೇಲಿನ ಮಾಸಲು ಬಣ್ಣದಿಂದ ಅದನ್ನು ತೀರ್ಮಾನಿಸುವ ಮೊದಲು ಯಾರಾದರೂ ಕೇಳಬೇಕಾದ ಪ್ರಶ್ನೆ ಇದು. ಇನ್ನು ‘ದೇವಾಜಮ್ಮಣ್ಣಿ’ ಎಂಬ ಹೆಸರು ಒಡೆಯರ ಮನೆತನದಲ್ಲಿ ಎಷ್ಟು ಸಲ ಬರುತ್ತದೆಂಬುದು ವಂಶಾವಳಿ ತಿರುವಿದವರಿಗೆ ಗೊತ್ತು.

ಇದೇ ಹಿಕಿಯ ಇನ್ನೆರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ಮೊದಲನೆಯದು 1787ರದು, ಈಗ ಐರ್ಲೆಂಡಿನ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಒಬ್ಬ ಭಾರತೀಯ ಹೆಂಗಸು ಕೂತಿದ್ದಾಳೆ. ಅವಳು ಕಲ್ಕತ್ತೆಯ ವಕೀಲ ವಿಲಿಯಂ ಹಿಕಿಯ ಬೀಬಿ ಜಮ್ದಾನಿ ಇರಬೇಕೆಂದು ನಂಬಿಕೆ. ಗ್ಯಾಲರಿ ಆ ಹೆಸರನ್ನು ಹಾಕಿದೆ, ಆದರೆ ಅದರ ಹಿಂದೆ ‘ಬಹುಶಃ’ ಎಂಬ ಒಂದು ಪದವನ್ನೂ ಹಾಕಿದೆ. ಚಿತ್ರದ ಶೀರ್ಷಿಕೆಯಲ್ಲೇ ಅದು ಕೂತಿದೆ. ಯಾರಿಗೂ ಅದರಿಂದ ಅವಮಾನವಾಗಿಲ್ಲ, ಚಿತ್ರದ ಬೆಲೆಯೂ ಕಡಿಮೆಯಾಗಿಲ್ಲ.

ಎರಡನೆಯದು 1816ರದು, ಮದರಾಸಿನಲ್ಲಿ ಬರೆದದ್ದು: ಕರ್ನಲ್ ಕಾಲಿನ್ ಮೆಕೆಂಜಿಯ ಚಿತ್ರ. ಕೆಂಪು ಕೋಟಿನ ಮೆಕೆಂಜಿಯ ಸುತ್ತ ಮೂವರು ಸಹಾಯಕರು; ದೂರದ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ. ಆ ಸಹಾಯಕರಲ್ಲಿ ಒಬ್ಬರು ಧರ್ಮಯ್ಯ, ನಮ್ಮ ಮಲೆಯೂರಿನ ಜೈನ ಪಂಡಿತರು. ಇನ್ನೊಬ್ಬರು ಕಾವಲಿ ಲಕ್ಷ್ಮಯ್ಯ. ದುರ್ಬೀನು ಹಿಡಿದ ಜವಾನನಿಗೂ ಕೃಷ್ಣಾಜಿ ಎಂಬ ಹೆಸರಿದೆ. ಈ ಹೆಸರುಗಳು ನಮಗೆ ದಕ್ಕಿದ್ದು ಹೇಗೆ? ಅವರಲ್ಲಿ ಓದುಬರಹದವರಿದ್ದರು, ಅವರ ವರದಿಗಳು ಮೆಕೆಂಜಿಯ ಕಡತಗಳಲ್ಲಿ ಉಳಿದವು. ಕಾಗದವಿದ್ದಲ್ಲಿ ಜವಾನನಿಗೂ ಹೆಸರುಂಟು. ಕಾಗದವಿಲ್ಲದಲ್ಲಿ ರಾಣಿಗೂ ಇಲ್ಲ. ಮೂವರು ಹೆಂಗಸರ ಚಿತ್ರ ನಿಜಕ್ಕೂ ಹೇಳುವ ಮೊದಲ ಮಾತು ಇದು. ಆ ಖಾಲಿ ಜಾಗಕ್ಕೆ ನಾವು ಅವಸರದಲ್ಲಿ ಹೆಸರು ತುಂಬಿಬಿಟ್ಟರೆ ಆ ಮಾತು ಕೇಳಿಸುವುದಿಲ್ಲ.

ಈಗ ಎರಡನೆಯ ತಕರಾರಿಗೆ ಬರುತ್ತೇನೆ.

1884ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಎಂಬ ತರುಣ ಕಲಾವಿದ ಒಂದು ಭಾವಚಿತ್ರವನ್ನಿಟ್ಟ. ಶ್ರೀಮಂತರ ಭಾವಚಿತ್ರಗಳಿಂದ ಹೆಸರು ಮಾಡುತ್ತಿದ್ದವನು. ಚಿತ್ರದಲ್ಲಿದ್ದವಳು ಆ ಊರಿನ ಸಿರಿವಂತ ವಲಯದ ಹೆಸರಾಂತ ಚೆಲುವೆ, ವರ್ಜಿನಿ ಗೊತ್ರೋ. ಕಪ್ಪು ಉಡುಪು, ಬಿಳುಚಿದ ಮೈ. ಉಡುಪಿನ ಒಂದು ಕಡೆಯ ಪಟ್ಟಿ ಭುಜದಿಂದ ಜಾರಿತ್ತು. ಅಷ್ಟಕ್ಕೇ ಗುಲ್ಲೆದ್ದಿತು. ಅವಳ ತಾಯಿ ಬಂದು ಚಿತ್ರವನ್ನು ತೆಗೆದುಬಿಡು ಎಂದು ಗೋಗರೆದಳು. ಅವನು ಆಗ ಒಪ್ಪಲಿಲ್ಲ. ಪ್ರದರ್ಶನ ಮುಗಿದ ಮೇಲೆ ಮಾತ್ರ ಕುಂಚ ತೆಗೆದುಕೊಂಡು ಜಾರಿದ ಪಟ್ಟಿಯನ್ನು ಭುಜದ ಮೇಲಕ್ಕೆ ಏರಿಸಿ ಬರೆದ. 1916ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅದನ್ನು ಕೊಂಡಾಗ ಅವಳ ಹೆಸರು ಹಾಕಬೇಡಿ ಎಂದ. ಅವಳು ‘ಮದಾಮ್ ಎಕ್ಸ್’ ಆದಳು. ಇಂದು ಅಲ್ಲಿ ತೂಗುತ್ತಿರುವುದು ತಿದ್ದಿದ ಚಿತ್ರ. ಸಮಾಜ ಒಲ್ಲೆನೆಂದ ಮೊದಲ ರೂಪ ಆ ಕಾಲದ ಒಂದು ಫೋಟೋದಲ್ಲಿ ಮಾತ್ರ ಉಳಿದಿದೆ.

ಪ್ಯಾರಿಸ್ಸಿನವರು ಭುಜದ ಪಟ್ಟಿಯನ್ನು ಸರಿಪಡಿಸಿದರು. ನಾವು ಚಿತ್ರದ ಅಡಿಬರಹವನ್ನು ಸರಿಪಡಿಸಿದ್ದೇವೆ. ಇಲ್ಲೂ ಇರುವುದು ಒಬ್ಬ ಹೆಂಗಸಿನ ಭುಜವೇ. ಅದೇ ಕೈ, ಅದೇ ಸೆರಗು, ಅದೇ ಬಣ್ಣ. ಕೆಳಗೆ ‘ನರ್ತಕಿ’ ಎಂದಿದ್ದಾಗ ಆ ಕೈ ಕರೆಯುವ ಕೈಯಾಗಿತ್ತು; ‘ರಾಣಿ’ ಎಂದಾದೊಡನೆ ಆರೋಗ್ಯ ಇಲಾಖೆಯ ಕೈಯಾಯಿತು. ಹೊಸ ಓದಿಗೆ ಆಧಾರವಿದ್ದರೆ ಅದನ್ನು ಒಪ್ಪೋಣ. ಆದರೆ ನಮ್ಮ ಜನ ಅದನ್ನು ಒಪ್ಪಿದ್ದು ಆಧಾರ ನೋಡಿ ಎಂದು ನನಗನ್ನಿಸುವುದಿಲ್ಲ. ಮರ್ಯಾದೆ ಉಳಿಯಿತು ಎಂದು ಒಪ್ಪಿದ್ದಾರೆ. ‘ಸದ್ಯ’ ಎಂಬ ಪದದ ಅರ್ಥ ಅದೇ. ಆಧಾರ ನೋಡಿ ಒಪ್ಪಿದವನು ‘ಹೌದೇ?’ ಎನ್ನುತ್ತಾನೆ, ‘ಸದ್ಯ’ ಎನ್ನುವುದಿಲ್ಲ.

ಹಾಗಾದರೆ ಕೇಳುತ್ತೇನೆ: ಅವರು ಕುಣಿಯುವವರೇ ಆಗಿದ್ದರೆ ಏನಾಗುತ್ತಿತ್ತು? ಆ ಚಿತ್ರ ಗೋಡೆಯಿಂದ ಕೆಳಗಿಳಿಯುತ್ತಿತ್ತೇ?

ಈ ಪ್ರಶ್ನೆಯನ್ನು ಕೇಳಲು ಅಡ್ಯಾರಿಗಿಂತ ತಕ್ಕ ಜಾಗ ಇಲ್ಲ. 1935ರ ಡಿಸೆಂಬರಿನಲ್ಲಿ ರುಕ್ಮಿಣಿದೇವಿ ಅರುಂಡೇಲ್ ಇಲ್ಲಿನ ಥಿಯಾಸಾಫಿಕಲ್ ಸೊಸೈಟಿಯ ತೋಟದಲ್ಲಿ ಮೊದಲ ಬಾರಿಗೆ ಜನರೆದುರು ನರ್ತಿಸಿದರು. ಮರುವರ್ಷ ಕಲಾಕ್ಷೇತ್ರ ಹುಟ್ಟಿತು. ಅವರ ಕೆಲಸದ ಹಿರಿಮೆ ನನಗೆ ಗೊತ್ತು. ಅವರು ಕಲಿತದ್ದು ಮೈಲಾಪುರದ ದೇವದಾಸಿ ಗೌರಿಯಮ್ಮಾಳ್ ಅವರಿಂದಲೂ ಎಂಬುದು ಗೊತ್ತು. ಆದರೆ ಆ ಹತ್ತಿಪ್ಪತ್ತು ವರ್ಷಗಳಲ್ಲಿ ಈ ಊರಿನಲ್ಲಿ ನಡೆದದ್ದೇನು? ಸದಿರ್ ಭರತನಾಟ್ಯವಾಯಿತು. ಶೃಂಗಾರ ತೆಳುವಾಗಿ ಭಕ್ತಿ ದಪ್ಪವಾಯಿತು, ಬಾಲಸರಸ್ವತಿಯವರು ಅದಕ್ಕೆ ತಕರಾರು ಎತ್ತಿದರು. ದೇವದಾಸಿ ಸಮರ್ಪಣೆಯನ್ನು ತಡೆಯುವ ಕಾನೂನು 1947ರಲ್ಲಿ ಬಂತು, ಬರಬೇಕಾಗಿತ್ತು ಕೂಡ. ಆದರೆ ಕಲೆ ಒಳ್ಳೆಯ ಮನೆತನಗಳ ಹುಡುಗಿಯರಿಗೆ ಬಂದಾಗ ಅದನ್ನು ಕಾಪಾಡಿಕೊಂಡು ಬಂದಿದ್ದ ಮನೆಗಳ ಹೆಂಗಸರು ವೇದಿಕೆಯಿಂದ ಆಚೆ ಹೋದರು. ಆಗಲೂ ಯಾರೋ ‘ಸದ್ಯ’ ಅಂದಿರಬೇಕು.

ನಮ್ಮವರೇ ಒಬ್ಬರಿದ್ದಾರೆ. ಬೆಂಗಳೂರು ನಾಗರತ್ನಮ್ಮ, 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದವರು, ಮದರಾಸಿಗೆ ಬಂದು ನೆಲೆಸಿದವರು. ತಂಜಾವೂರಿನ ಆಸ್ಥಾನ ಗಣಿಕೆ ಮುದ್ದುಪಳನಿ ಬರೆದ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ ಅವರ ಕೈಗೆ ಬಂತು. ಹಿಂದೆ ಅಚ್ಚಾಗಿದ್ದ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ನೋಡಿದರು. ಕವಯಿತ್ರಿ ತನ್ನ ವಂಶದ ಹೆಂಗಸರ ಬಗ್ಗೆ ಹೇಳಿಕೊಂಡ ಭಾಗವನ್ನೇ ಸಂಪಾದಕರು ಕತ್ತರಿಸಿದ್ದರು. ನಾಗರತ್ನಮ್ಮ 1910ರಲ್ಲಿ ಪೂರ್ತಿ ಕಾವ್ಯವನ್ನು ಅಚ್ಚು ಹಾಕಿಸಿದರು. ಅಶ್ಲೀಲವೆಂದು ಸರ್ಕಾರ ಪುಸ್ತಕದ ಮೇಲೆ ನಿಷೇಧ ಹೇರಿತು. ಅದು ತೆರವಾದದ್ದು ಸ್ವಾತಂತ್ರ್ಯದ ಹೊತ್ತಿಗೆ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ, ಅಲ್ಲಿ ಹೆಂಗಸರು ಹಾಡಲು ದಾರಿ ಮಾಡಿದವರೂ ಇವರೇ. ನಮ್ಮ ಮನೆಗಳ ಗೋಡೆಯಲ್ಲಿ ಇವರ ಪಟ ಎಷ್ಟಿವೆ? ಇವರ ಹೆಸರು ಖಚಿತ, ಹುಟ್ಟಿದ ಊರು ಖಚಿತ, ಮಾಡಿದ ಕೆಲಸ ಖಚಿತ. ಖಚಿತವಾಗಿ ಗೊತ್ತಿರುವ ಹೆಂಗಸನ್ನು ಬಿಟ್ಟು ಊಹೆಯ ರಾಣಿಯನ್ನು ಮೊಳೆಗೆ ತೂಗುಹಾಕುತ್ತೇವೆ, ಯಾಕೆಂದರೆ ಇವರು ‘ಅಂಥವರು’.

ಕನ್ನಡಕ್ಕೆ ಈ ನಾಚಿಕೆ ಹಳೆಯದೂ ಅಲ್ಲ. ಬಾದಾಮಿಯ ಹತ್ತಿರ ಮಹಾಕೂಟದಲ್ಲಿ 8ನೇ ಶತಮಾನದ ಚಾಲುಕ್ಯ ವಿಜಯಾದಿತ್ಯನ ಕಾಲದ ಒಂದು ಕನ್ನಡ ಶಾಸನವಿದೆ. ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟವಳ ಹೆಸರು ವಿನಾಪೋಟಿ. ಅವಳು ರಾಜನಿಗೆ ಪ್ರಾಣಪ್ರಿಯೆ ಎಂದು ಶಾಸನ ಹೇಳುತ್ತದೆ, ಸೂಳೆ ಎಂದೂ ಹೇಳುತ್ತದೆ. ಅವಳ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಲ್ ಎಂದು ಮೂರು ತಲೆಮಾರನ್ನೂ ಗೌರವದ ಬಹುವಚನದಲ್ಲಿ ಕರೆಯುತ್ತದೆ. ಮೂವರು ಹೆಂಗಸರು, ಮೂವರಿಗೂ ಹೆಸರು, ಮೂವರಿಗೂ ಮರ್ಯಾದೆ, ಕಲ್ಲಿನ ಮೇಲೆ. ಸಾವಿರ ವರ್ಷ ಕಳೆದ ಮೇಲೆ ಐರಿಷ್ ಕಲಾವಿದನೊಬ್ಬ ಬರೆದ ಮೂವರು ಹೆಂಗಸರಿಗೆ ಹೆಸರೂ ಇಲ್ಲ. ಅವರು ಯಾರೆಂದು ಗೊತ್ತಾಗುವವರೆಗೆ ಮರ್ಯಾದೆಯೂ ಇರಲಿಲ್ಲ. ನಾವು ಮುಂದೆ ಬಂದೆವು ಎಂದು ಯಾವ ಮುಖದಲ್ಲಿ ಹೇಳುವುದು?

ಇಷ್ಟು ಹೇಳಿದರೆ ಒಂದು ಎದುರುಮಾತು ಬರುತ್ತದೆ. “ಇರಲಿ ಬಿಡಿ. ಲಸಿಕೆಯ ಬಗ್ಗೆ ಜನರಲ್ಲಿ ನಂಬಿಕೆ ಹುಟ್ಟಿಸುವ ಕತೆ. ನಮ್ಮ ರಾಣಿಯರಿಗೆ ಹೆಸರು ಬರುತ್ತದೆ. ನಿಮಗೇನು ನಷ್ಟ?”

ನನಗಲ್ಲ, ಆ ರಾಣಿಯರಿಗೇ ನಷ್ಟ. ಚಿತ್ರದಲ್ಲಿರುವವರು ರಾಣಿಯರೇ ಎಂದು ಒಪ್ಪಿ ನೋಡಿ. 1805ರ ಜುಲೈಯಲ್ಲಿ ರಾಜನಿಗೆ 11 ವರ್ಷ. ಹೊಸ ರಾಣಿಯೂ ಹೆಚ್ಚುಕಡಿಮೆ ಅದೇ ವಯಸ್ಸಿನ ಹುಡುಗಿ. ಆಗಿನ ಲಸಿಕೆ ಸೀಸೆಯಿಂದ ಬರುತ್ತಿರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಚ್ಚುತ್ತ ಮೈಯಿಂದ ಮೈಗೆ ದಾಟಿಸಬೇಕಿತ್ತು. ಯಾವ ಜಾತಿಯ, ಯಾವ ಮನೆಯ ಮಗುವಿನ ತೋಳಿನಿಂದ ಅದು ಬಂತು ಎಂಬ ಪ್ರಶ್ನೆ ಆ ಕಾಲದ ಅಂತಃಪುರದಲ್ಲಿ ಸಣ್ಣದಾಗಿರಲಾರದು. ಆ ಹುಡುಗಿಯನ್ನು ಯಾರಾದರೂ ಕೇಳಿದರೇ? ಅಪರಿಚಿತ ಐರಿಷ್ ಗಂಡಸಿನ ಮುಂದೆ ತೋಳು ತೋರಿಸಿ ನಿಲ್ಲಲು ಅವಳು ಒಪ್ಪಿದಳೇ? ಕಂಪನಿಗೆ ಲಸಿಕೆ ಬೇಕಿತ್ತು, ಲಸಿಕೆಗೆ ಪ್ರಚಾರ ಬೇಕಿತ್ತು, ಪಟ್ಟಕ್ಕೆ ತಂದ ಮನೆತನ ತಮ್ಮ ಮಾತು ಕೇಳುತ್ತದೆಂದು ಕಾಣಿಸಬೇಕೂ ಇತ್ತು. ‘ರಾಯಭಾರಿ’ ಎಂದರೆ ತನ್ನ ಪರವಾಗಿ ಮಾತಾಡಬಲ್ಲವರು. ತಾನಾಗಿ ಆಡಿದ ಒಂದು ಮಾತೂ ನಮಗೆ ದಕ್ಕದ ಹುಡುಗಿಗೆ ಆ ಬಿರುದನ್ನು ಕಟ್ಟುವುದು ಸುಲಭ. ಅದರಿಂದ ಉಳಿದ ಪ್ರಶ್ನೆಗಳೆಲ್ಲ ಮುಚ್ಚಿಹೋಗುತ್ತವೆ.

‘ಜಗತ್ತಿನ ಮೊದಲ’ ಎಂಬುದಂತೂ ಬರೀ ಹುಮ್ಮಸ್ಸು. ಜೆನ್ನರ್ 1796ರಲ್ಲಿ ಲಸಿಕೆ ಹಾಕಿದ್ದು ಜೇಮ್ಸ್ ಫಿಪ್ಸ್ ಎಂಬ 8 ವರ್ಷದ ಹುಡುಗನಿಗೆ. ಇಂಡಿಯಾದಲ್ಲಿ ಮೊದಲು ಲಸಿಕೆ ತಗುಲಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಆನಾ ಡಸ್ಟ್‌ಹಾಲ್ ಎಂಬ 3 ವರ್ಷದ ಮಗುವಿಗೆ. ಈ ದೇಶದ ಲಸಿಕೆಯ ಸರಪಳಿ ಶುರುವಾದದ್ದು ಅವಳ ತೋಳಿನಿಂದ. 1803ರಲ್ಲಿ ಸ್ಪೇನ್ ತನ್ನ ವಸಾಹತುಗಳಿಗೆ ಲಸಿಕೆ ಸಾಗಿಸಿದ್ದು 22 ಅನಾಥ ಹುಡುಗರ ಮೈಯಲ್ಲಿ. ಇವರಿಗೆಲ್ಲ ಹೆಸರಿದೆ, ದಿನಾಂಕವಿದೆ, ದಾಖಲೆಯಿದೆ. ಇವರ ಪಟವನ್ನು ಯಾರೂ ಕಟ್ಟು ಹಾಕಿಸುವುದಿಲ್ಲ. ಅನಾಥರಿಂದ ಮನೆತನಕ್ಕೆ ಕೀರ್ತಿ ಬರುವುದಿಲ್ಲವಲ್ಲ!

ಲಕ್ಷ್ಮಮ್ಮಣ್ಣಿಯವರ ವಿಷಯದಲ್ಲಂತೂ ಇದು ಅನ್ಯಾಯವೇ. 1766ರಲ್ಲಿ ಗಂಡ ಇಮ್ಮಡಿ ಕೃಷ್ಣರಾಜ ತೀರಿಕೊಂಡ ಮೇಲೆ, ಹೈದರನ ಮತ್ತು ಟಿಪ್ಪುವಿನ ಕಾವಲಿನಲ್ಲೇ ಇದ್ದುಕೊಂಡು, ತಿರುಮಲರಾಯನ ಮೂಲಕ ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ವರ್ಷಗಟ್ಟಲೆ ವ್ಯವಹಾರ ನಡೆಸಿದ ಹೆಂಗಸು ಅವರು. 1799ರ ಜೂನ್ 30ರಂದು ಇನ್ನೂ 5 ವರ್ಷ ತುಂಬದ ಮೊಮ್ಮಗನನ್ನು ಗದ್ದುಗೆಯ ಮೇಲೆ ಕೂರಿಸುವವರೆಗೆ ಬಿಡಲಿಲ್ಲ. ಅವರು ಮಾಡಿದ್ದು ಸರಿಯೋ ತಪ್ಪೋ, ಟಿಪ್ಪುವಿಗೆ ದ್ರೋಹವೋ ಒಡೆಯರಿಗೆ ನಿಷ್ಠೆಯೋ, ಅದರ ಬಗ್ಗೆ ಜಗಳವಾಡೋಣ. ಆ ಜಗಳಕ್ಕೆ ಅವರು ಯೋಗ್ಯರು. ಅಂಥ ರಾಜಕಾರಣಿಯನ್ನು ಲಸಿಕೆ ಜಾಹೀರಾತಿನ ನಡುವಿನ ಆಕೃತಿಯಾಗಿ ಮಾತ್ರ ನೆನೆಯುವುದು ಗೌರವವೇ?

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಮೈಸೂರಿನ ಅರಮನೆಯ ಕಡತಗಳಲ್ಲಿ, ವಂಶಾವಳಿಯಲ್ಲಿ, ಇಲ್ಲಿ ಮದರಾಸಿನ ದಫ್ತರಗಳಲ್ಲಿ 1805ರ ಆ ಕೆಲವು ತಿಂಗಳುಗಳನ್ನು ಕನ್ನಡ ಬಲ್ಲ ಯಾರಾದರೂ ಕೂತು ಓದಲಿ. ಕಂಪನಿಯ ಇಂಗ್ಲಿಷ್ ಕಾಗದ ಏನು ಹೇಳಿತೆಂಬುದು ಗೊತ್ತಾಗಿದೆ. ಅರಮನೆಯ ಕನ್ನಡ ಏನು ಹೇಳುತ್ತದೆಂದು ಕೇಳುವುದು ನಮ್ಮ ಕೆಲಸ. ಮೆಕೆಂಜಿಯ ಕೈಫಿಯತ್ತುಗಳನ್ನು ಹುಡುಕಿ ಅಚ್ಚು ಹಾಕಿದ ಎಂ.ಎಂ. ಕಲಬುರ್ಗಿಯಂಥವರಿದ್ದ ಭಾಷೆ ಇದು. ಫಾರ್ವರ್ಡ್ ಮಾಡುವುದಷ್ಟೇ ನಮಗೆ ಬರುವ ವಿದ್ಯೆಯಾಗಬಾರದು.

ಅಲ್ಲಿಯವರೆಗೆ ಅಡಿಬರಹ ಹೀಗಿರಲಿ: ‘ಮೂವರು ಹೆಂಗಸರು, ಸುಮಾರು 1805. ಕಲಾವಿದ ಥಾಮಸ್ ಹಿಕಿ. ಬಹುಶಃ ಮೈಸೂರು ಅರಮನೆಯವರು.’ ಡಬ್ಲಿನ್ನಿನವರು ಒಬ್ಬ ಬೀಬಿಗೆ ಕೊಟ್ಟ ‘ಬಹುಶಃ’ವನ್ನು ನಾವು ನಮ್ಮ ರಾಣಿಯರಿಗೂ ಕೊಡೋಣ.

ಊಟ ಮುಗಿಸಿ ಹೊರಡುವಾಗ ಆ ಅಮ್ಮನಿಗೆ ಇಷ್ಟನ್ನೂ ಹೇಳುವ ಧೈರ್ಯ ನನಗಾಗಲಿಲ್ಲ. ಒಂದೇ ಮಾತು ಕೇಳಿದೆ. “ಅಮ್ಮಾ, ನಾಳೆ ಇನ್ಯಾರೋ ಬಂದು ಇವರು ಕುಣಿಯೋರೇ ಅಂತ ರುಜುವಾತು ಮಾಡಿದ್ರೆ ಏನ್ಮಾಡ್ತೀರಿ?” ಅವರು ಚಿತ್ರವನ್ನು ಒಮ್ಮೆ ನೋಡಿದರು. “ಒಡವೆ ಅಷ್ಟು ಚೆನ್ನಾಗಿದೆ, ಇಳಿಸೋಕೆ ಮನಸ್ಸು ಬರಲ್ಲಪ್ಪ. ಆದ್ರೆ ಕೆಳಗಿನ ಸಾಲು ಅಳಿಸಿಬಿಡ್ತೀನಿ” ಅಂದರು.

ಆ ಸಾಲನ್ನು ಇವತ್ತೇ ಅಳಿಸಿ ಅಮ್ಮಾ. ಚಿತ್ರ ಇರಲಿ.